ಎಕ್ಲಿಪ್ಸ್: ಪ್ರಾಜೆಕ್ಟುಗಳನ್ನು ಹೊಸ ವರ್ಕ್‌ಸ್ಪೇಸಿಗೆ ಸಾಗಿಸುವಾಗ

ಜಾವಾ ಪ್ರಾಜೆಕ್ಟುಗಳ ಫೋಲ್ಡರುಗಳನ್ನು ಹೊಸ ವರ್ಕ್‌ಸ್ಪೇಸಿಗೆ ನಕಲಿಸಿದರೂ ಎಕ್ಲಿಪ್ಸ್ ತಂತ್ರಾಂಶ ಅವುಗಳನ್ನು ತೋರಿಸುತ್ತಿಲ್ಲವೆಂಬುದು ಪತ್ರ ಬರೆದ ಓದುಗರ ತೊಡಕು. ವರ್ಕ್‌ಸ್ಪೇಸ್, ಅಂದರೆ ಪ್ರಾಜೆಕ್ಟುಗಳನ್ನು ಒಟ್ಟಾಗಿ ನಿರ್ವಹಿಸುವ ಫೋಲ್ಡರು, ತನಗೆ ಸೇರಿದ ಪ್ರಾಜೆಕ್ಟುಗಳ ವಿವರವನ್ನು ‘.ಮೆಟಾಡೇಟಾ’ ಎಂಬ ಉಪಫೋಲ್ಡರಿನಲ್ಲಿ ದಾಖಲಿಸಿಕೊಳ್ಳುವುದರಿಂದ, ಆ ದಾಖಲೆಗೆ ಸೇರದ ಫೋಲ್ಡರು ಒಳಗೇ ಇದ್ದರೂ ಎಕ್ಲಿಪ್ಸಿನ ಪಾಲಿಗೆ ಅಪರಿಚಿತವೇ.

ಫೈಲ್ ಮೆನುವಿನ ಇಂಪೋರ್ಟ್ ಆರಿಸಿ, ಜನರಲ್ ವಿಭಾಗದ ‘ಎಕ್ಸಿಸ್ಟಿಂಗ್ ಪ್ರಾಜೆಕ್ಟ್ಸ್ ಇಂಟು ವರ್ಕ್‌ಸ್ಪೇಸ್’ ಮೂಲಕ ಫೋಲ್ಡರನ್ನು ತೋರಿಸಿದರೆ, ಪ್ರತಿ ಪ್ರಾಜೆಕ್ಟಿನೊಳಗಿರುವ ‘.ಪ್ರಾಜೆಕ್ಟ್’ ಎಂಬ ವಿವರ ಕಡತವನ್ನು ಓದಿ ಎಕ್ಲಿಪ್ಸ್ ಅದನ್ನು ಸೇರಿಸಿಕೊಳ್ಳುತ್ತದೆ. ಅನೇಕರು ಎಡವುವುದು ಅಲ್ಲಿನ ಪುಟ್ಟ ಚೌಕದಲ್ಲಿ: ಹೊರಗಿನ ಫೋಲ್ಡರನ್ನು ಆರಿಸಿದಾಗ ‘ಕಾಪಿ ಪ್ರಾಜೆಕ್ಟ್ಸ್ ಇಂಟು ವರ್ಕ್‌ಸ್ಪೇಸ್’ ಎಂಬುದಕ್ಕೆ ಗುರುತು ಹಾಕದಿದ್ದರೆ ಕಡತಗಳು ಹಳೆಯ ಜಾಗದಲ್ಲೇ ಉಳಿದು ಹೊಸ ವರ್ಕ್‌ಸ್ಪೇಸ್ ಅವುಗಳನ್ನು ಅಲ್ಲಿಂದಲೇ ಬಳಸುವುದರಿಂದ, ಮುಂದೆ ಹಳೆಯ ಫೋಲ್ಡರನ್ನು ಅಳಿಸಿದವರು ಮೂಲಸಂಕೇತವನ್ನೇ ಕಳೆದುಕೊಳ್ಳುತ್ತಾರೆ. ಓದುಗರು ಈಗಾಗಲೇ ನಕಲಿಸಿರುವುದರಿಂದ ಅವರಿಗೆ ಆ ಗುರುತು ಬೇಕಿಲ್ಲ.

ಅಕ್ಷರ ಸಂಕೇತನ, ಸಂಕೇತ ಜೋಡಣೆಯ ಶೈಲಿ ಮುಂತಾದ ವರ್ಕ್‌ಸ್ಪೇಸ್ ಮಟ್ಟದ ಆಯ್ಕೆಗಳು ಪ್ರಾಜೆಕ್ಟಿನೊಂದಿಗೆ ಬರುವುದಿಲ್ಲ. ಎಕ್ಸ್‌ಪೋರ್ಟ್‌ನ ‘ಪ್ರಿಫರೆನ್ಸಸ್’ ಮೂಲಕ ಅವುಗಳನ್ನು ‘.ಇಪಿಎಫ್’ ಕಡತವಾಗಿ ಉಳಿಸಿ ಹೊಸದರಲ್ಲಿ ಇಂಪೋರ್ಟ್ ಮಾಡಿಕೊಳ್ಳಬಹುದು. ‘.ಮೆಟಾಡೇಟಾ’ವನ್ನೇ ಪೂರ್ತಿ ನಕಲಿಸುವ ಅಡ್ಡದಾರಿ, ಹಳೆಯ ಯಂತ್ರದ ಪೂರ್ಣ ಮಾರ್ಗಗಳೂ ಅದರಲ್ಲಿ ದಾಖಲಾಗಿರುವ ಕಾರಣ, ಯೋಗ್ಯವಲ್ಲ. ಕಡತಗಳ ಹಿಂದಿನ ರೂಪಗಳನ್ನು ಕಾಯುವ ‘ಲೋಕಲ್ ಹಿಸ್ಟರಿ’ಯೂ ಹಳೆಯ ವರ್ಕ್‌ಸ್ಪೇಸಿನಲ್ಲೇ ಉಳಿಯುವುದರಿಂದ, ಆ ವರ್ಕ್‌ಸ್ಪೇಸನ್ನು ಅಳಿಸುವ ಮುನ್ನ ಬೇಕಾದ ರೂಪಗಳೆಲ್ಲವನ್ನೂ ಆವೃತ್ತಿ ನಿರ್ವಹಣಾ ತಂತ್ರಾಂಶವಾದ ಗಿಟ್‌ಗೆ ಸೇರಿಸಿಕೊಳ್ಳುವುದು ಅಗತ್ಯ.