ಗೇರ್ ಕೈಕೊಟ್ಟರೂ ಧೈರ್ಯ ಕೈಬಿಡಬೇಡಿ: 10 ಸೂತ್ರಗಳು

ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ನಿಮ್ಮ ಮೊದಲ ಟ್ರ್ಯಾಕ್ ಡೇ. ಅಥವಾ ಸಂಬಳದಲ್ಲಿ ಉಳಿಸಿ ಕೊಂಡ ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರಿನಲ್ಲಿ ಭಾನುವಾರ ಬೆಳಗ್ಗೆ ಮೈಸೂರು ಹೆದ್ದಾರಿ. ಕಾರು ಚೆನ್ನಾಗಿಯೇ ಓಡುತ್ತಿದೆ. ಇದ್ದಕ್ಕಿದ್ದಂತೆ ಮೂರರಿಂದ ನಾಲ್ಕಕ್ಕೆ ಗೇರ್ ಬೀಳುತ್ತಿಲ್ಲ!

‘ನನ್ನ ಕೈಲಾಗಲ್ಲ, ಕಥೆ ಮುಗೀತು’ ಎನ್ನುವ ಯೋಚನೆ ಬರುತ್ತದೆಯೇ? ಅದೊಂದು ಅಭ್ಯಾಸ, ಅಷ್ಟೇ. ಬಿಡಿಸಬಹುದು. ಕೆಟ್ಟ ಗೇರಿನಲ್ಲೇ ಫಾರ್ಮುಲಾ 1 ಗ್ರ್ಯಾನ್ ಪ್ರಿ ಗೆದ್ದವರಿದ್ದಾರೆ. ಕ್ರಮ ಗೊತ್ತಿದ್ದರೆ ನೀವೂ ಗೆಲ್ಲುತ್ತೀರಿ. ಕ್ರಮ ಇಲ್ಲಿದೆ.

1. ಮೊದಲು ರಸ್ತೆ, ಆಮೇಲೆ ಗೇರ್

ಕಣ್ಣು ಲಿವರ್ ಮೇಲಲ್ಲ, ರಸ್ತೆಯ ಮೇಲಿರಲಿ. ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ. ಹಜಾರ್ಡ್ ಲೈಟ್ ಹಾಕಿ. ಕನ್ನಡಿ ನೋಡಿ, ನಿಧಾನವಾಗಿ ಎಡಕ್ಕೆ ಬನ್ನಿ. ಕಾರು ಪೂರ್ತಿ ನಿಲ್ಲುವವರೆಗೆ ಇಂಜಿನ್ ಆಫ್ ಮಾಡಬೇಡಿ. ಇಂಜಿನ್ ನಿಂತರೆ ಪವರ್ ಸ್ಟೀರಿಂಗ್ ಬಿಗಿಯಾಗುತ್ತದೆ, ಬ್ರೇಕ್ ಬೂಸ್ಟರ್‌ನ ಸಹಾಯವೂ ಹೆಚ್ಚು ಹೊತ್ತು ಸಿಗುವುದಿಲ್ಲ. ಗೇರ್ ಇಲ್ಲದ ಕಾರನ್ನು ಸಂಭಾಳಿಸಬಹುದು. ಅದರ ಜೊತೆ ಬ್ರೇಕ್ ಬಲವೂ ಕಡಿಮೆಯಾದರೆ ಕಷ್ಟ.

2. ಲಿವರ್ ಜೊತೆ ಕುಸ್ತಿ ಬೇಡ

ಒಮ್ಮೆ ಪ್ರಯತ್ನಿಸಿ. ಬೀಳಲಿಲ್ಲವೇ? ನ್ಯೂಟ್ರಲ್‌ಗೆ ತನ್ನಿ, ಕ್ಲಚ್ ಪೂರ್ತಿ ಒತ್ತಿ, ಇನ್ನೊಮ್ಮೆ ನೋಡಿ. ಆಗಲೂ ಬೀಳದಿದ್ದರೆ ನಿಲ್ಲಿಸಿ. ಬಲವಂತ ಮಾಡಿದರೆ ಗೇರ್‌ಬಾಕ್ಸ್ ಒಳಗಿನ ಶಿಫ್ಟ್ ಫೋರ್ಕ್ ಬಾಗಬಹುದು, ಸಿಂಕ್ರೊನೈಸರ್ ರಿಂಗ್ ಸವೆಯಬಹುದು. ಒಂದು ಪ್ಲಾಸ್ಟಿಕ್ ಬುಷ್‌ನಲ್ಲಿ ಮುಗಿಯುವ ರಿಪೇರಿ ಗೇರ್‌ಬಾಕ್ಸ್ ಇಳಿಸುವ ಮಟ್ಟಕ್ಕೆ ಹೋಗುವುದು ಹೀಗೆಯೇ. ಅವಸರದ ತೋಳ್ಬಲಕ್ಕೆ ಬಿಲ್ ಕಟ್ಟುವವರು ನೀವೇ.

3. ಹೋದದ್ದನ್ನು ಬಿಡಿ, ಉಳಿದದ್ದನ್ನು ಎಣಿಸಿ

1991ರ ಮಾರ್ಚ್ 24, ಸಾವೊ ಪಾಲೊದ ಇಂಟರ್‌ಲಾಗೋಸ್ ಟ್ರ್ಯಾಕ್‌ನಲ್ಲಿ ಬ್ರೆಜಿಲ್ ಗ್ರ್ಯಾನ್ ಪ್ರಿ. ಆಯರ್ಟನ್ ಸೆನ್ನಾ ಅವರ ಮೆಕ್‌ಲಾರೆನ್ ಎಂಪಿ4/6ರಲ್ಲಿ ಇದ್ದದ್ದು ಕೈಯಿಂದ ಹಾಕುವ ಆರು ಗೇರ್. ಮೊದಲು ನಾಲ್ಕನೆಯದು ಹೋಯಿತು. ಬಳಿಕ ಬೇರೆಯವೂ ಹೋದವು. ಕೊನೆಯ ಲ್ಯಾಪ್‌ಗಳಿಗೆ ಉಳಿದದ್ದು ಆರನೆಯದೊಂದೇ. ನಿಧಾನದ ತಿರುವುಗಳಲ್ಲೂ ಟಾಪ್ ಗೇರ್, ಮೇಲಿಂದ ಮಳೆ ಬೇರೆ. ಆದರೂ ರಿಕಾರ್ಡೊ ಪಟ್ರೇಸೆ ಅವರಿಗಿಂತ ಸುಮಾರು 3 ಸೆಕೆಂಡ್ ಮುಂದೆಯೇ ಗುರಿ ಮುಟ್ಟಿದರು. ತವರಿನ ಗ್ರ್ಯಾನ್ ಪ್ರಿಯಲ್ಲಿ ಅದು ಅವರ ಮೊದಲ ಗೆಲುವು. ರೇಸ್ ಮುಗಿದಾಗ ಸ್ನಾಯುಗಳು ಹಿಡಿದುಕೊಂಡು, ಕಾರಿನಿಂದ ಇಳಿಯಲೂ ಬೇರೆಯವರ ಸಹಾಯ ಬೇಕಾಯಿತು.

ನೀವೂ ಕೇಳಿಕೊಳ್ಳಿ: ಯಾವ ಗೇರ್ ಬೀಳುತ್ತಿದೆ? ಎರಡನೆಯದಿದ್ದರೆ ನಿಧಾನವಾಗಿ ಸುರಕ್ಷಿತ ಜಾಗ ತಲುಪಬಹುದು. ಆರ್‌ಪಿಎಂ ಮುಳ್ಳು ಕೆಂಪು ಗೆರೆಯ ಹತ್ತಿರ ಹೋಗದಂತೆ ನೋಡಿಕೊಳ್ಳಿ. ಐದು ಮಾತ್ರ ಇದೆಯೇ? ಓಡುತ್ತಿರುವಾಗ ಪರವಾಗಿಲ್ಲ, ನಿಂತು ಹೊರಟರೆ ಕ್ಲಚ್ ಸುಡುತ್ತದೆ. ನೆನಪಿಡಿ, ಸೆನ್ನಾಗೆ ಬೇಕಿದ್ದದ್ದು ಚೆಕರ್ಡ್ ಫ್ಲ್ಯಾಗ್. ರಸ್ತೆಯಲ್ಲಿ ನಿಮ್ಮ ಗುರಿ ಹತ್ತಿರದ ಪೆಟ್ರೋಲ್ ಬಂಕ್.

4. ಕಾರು ಬದಲಾಗಿದೆ, ನೀವೂ ಬದಲಾಗಿ

1994ರ ಮೇ 29, ಬಾರ್ಸಿಲೋನಾದಲ್ಲಿ ಸ್ಪೇನ್ ಗ್ರ್ಯಾನ್ ಪ್ರಿ. ಮೈಕಲ್ ಶುಮಾಕರ್ ಅವರ ಬೆನೆಟನ್ ಐದನೇ ಗೇರಿನಲ್ಲಿ ಸಿಕ್ಕಿಕೊಂಡಿತು. ರೇಸ್ ಇನ್ನೂ ಅರ್ಧದಷ್ಟೂ ಆಗಿರಲಿಲ್ಲ. ಅವರು ತಿರುವುಗಳಿಗೆ ಹೊಸ ಲೈನ್ ಹಿಡಿದರು, ವೇಗ ತೀರಾ ಕುಸಿಯದಂತೆ ನೋಡಿಕೊಂಡರು. ಐದನೇ ಗೇರಿನಲ್ಲೇ ಪಿಟ್‌ಗೆ ಬಂದು, ಇಂಜಿನ್ ನಿಲ್ಲದಂತೆ ಹೊರಟೂಬಿಟ್ಟರು. ಡೇಮನ್ ಹಿಲ್ ಅವರ ಹಿಂದೆ ಎರಡನೇ ಸ್ಥಾನ! ನಾಲ್ಕು ವರ್ಷ ಹಿಂದೆ, 1990ರಲ್ಲಿ, ಮರ್ಸಿಡಿಸ್ ಪರವಾಗಿ ಅವರು ಸ್ಪೋರ್ಟ್ಸ್ ಕಾರ್ ರೇಸ್‌ಗಳಲ್ಲಿ ಓಡಿದ್ದರು. ಅಲ್ಲಿ ಇಂಧನಕ್ಕೆ ಮಿತಿ ಇತ್ತು, ಮೃದುವಾಗಿ ಓಡಿಸುವುದನ್ನು ಕಲಿಯಲೇಬೇಕಿತ್ತು. ಆ ಅಭ್ಯಾಸ ಬಾರ್ಸಿಲೋನಾದಲ್ಲಿ ಕೈ ಹಿಡಿಯಿತು.

ಹಳೆಯ ಪ್ಲ್ಯಾನ್‌ಗೆ ಅಂಟಿಕೊಳ್ಳಬೇಡಿ. ಬೇಗ ಬ್ರೇಕ್ ಹಾಕಿ, ಅಂತರ ಹೆಚ್ಚಿಸಿ, ಸಿಗ್ನಲ್ ಕಡಿಮೆ ಇರುವ ದಾರಿ ಹಿಡಿಯಿರಿ. ಇಂದು ಕಲಿತ ಚಿಕ್ಕ ಕೌಶಲ ಮುಂದೆ ಎಲ್ಲಿ ಕೈ ಹಿಡಿಯುತ್ತದೋ ಹೇಳಲಾಗದು. ಕಲಿಯುತ್ತಲೇ ಇರಿ.

5. ಇಂಜಿನ್ ಆಫ್ ಮಾಡಿ, ಎರಡು ನಿಮಿಷದಲ್ಲಿ ಕಾರಣ ಹಿಡಿಯಿರಿ

ಕಾರು ನಿಂತಿದೆ, ಹ್ಯಾಂಡ್‌ಬ್ರೇಕ್ ಎಳೆದಿದೆ. ಈಗ ಪರೀಕ್ಷೆ ಮಾಡಿ.

* ಇಂಜಿನ್ ಆಫ್ ಇದ್ದಾಗ ಎಲ್ಲ ಗೇರ್ ಬೀಳುತ್ತವೆ, ಆನ್ ಮಾಡಿದರೆ ಬೀಳುವುದಿಲ್ಲವೇ? ಕ್ಲಚ್ ಬಿಡುತ್ತಿಲ್ಲ. ಗೇರ್‌ಬಾಕ್ಸ್ ಬಹುಶಃ ಚೆನ್ನಾಗಿದೆ.
* ಲಿವರ್ ಸಡಿಲವಾಗಿ ಎತ್ತ ಬೇಕಾದರತ್ತ ತೂಗಾಡುತ್ತಿದೆಯೇ? ಕೇಬಲ್ ಅಥವಾ ಲಿಂಕೇಜ್ ಕಳಚಿದೆ.
* ಗೇರ್ ಬೀಳುತ್ತದೆ, ಇಂಜಿನ್ ಕೂಗುತ್ತದೆ, ಕಾರು ಕದಲುವುದಿಲ್ಲವೇ? ಕ್ಲಚ್ ಪ್ಲೇಟ್ ಸವೆದಿರಬಹುದು ಅಥವಾ ಡ್ರೈವ್‌ಶಾಫ್ಟ್ ಹೋಗಿರಬಹುದು.
* ಒಂದೇ ಒಂದು ಗೇರ್ ಕರಕರ ಎನ್ನುತ್ತದೆಯೇ? ಆ ಗೇರಿನ ಸಿಂಕ್ರೊನೈಸರ್ ಮೇಲೆ ಮೊದಲ ಅನುಮಾನ.

‘ಏನೋ ಆಗಿಹೋಯ್ತು’ ಎನ್ನುವವರು ಕಾಯುತ್ತಾ ಕೂರುತ್ತಾರೆ. ‘ಇದು ಆಗಿದೆ’ ಎನ್ನುವವರು ಮುಂದಿನ ಹೆಜ್ಜೆ ಇಡುತ್ತಾರೆ.

6. ಸುಲಭದ್ದನ್ನು ಮೊದಲು ನೋಡಿ

ಕ್ಲಚ್ ಪೆಡಲ್ ನೆಲಕ್ಕೆ ಕೂತುಬಿಟ್ಟಿದೆಯೇ? ಕಾಲಬೆರಳಿನಿಂದ ಮೇಲೆತ್ತಿ, ನಾಲ್ಕಾರು ಸಲ ಪಂಪ್ ಮಾಡಿ. ಹೈಡ್ರಾಲಿಕ್ ಲೈನ್‌ನಲ್ಲಿ ಗಾಳಿ ಸೇರಿದ್ದರೆ ಸ್ವಲ್ಪ ಹೊತ್ತು ಜೀವ ಬರಬಹುದು. ಕೂಡಲೇ ಬಾನೆಟ್ ಎತ್ತಿ ಫ್ಲೂಯಿಡ್ ಮಟ್ಟ ನೋಡಿ. ಅನೇಕ ಕಾರುಗಳಲ್ಲಿ ಬ್ರೇಕ್‌ಗೂ ಕ್ಲಚ್‌ಗೂ ಒಂದೇ ಡಬ್ಬಿ. ಮಟ್ಟ ಇಳಿದಿದ್ದರೆ ಬ್ರೇಕ್ ಪೆಡಲನ್ನೂ ಒತ್ತಿ ಪರೀಕ್ಷಿಸಿ. ಅದೂ ಮೆತ್ತಗಿದ್ದರೆ ಕಾರು ಅಲ್ಲಿಂದ ಅಲುಗಬಾರದು.

ಇಂಜಿನ್ ಸೀಟಿನ ಹಿಂದಿರುವ ಕಾರಾದರೆ ಲಿವರ್‌ನಿಂದ ಹಿಂದಿನ ಗೇರ್‌ಬಾಕ್ಸ್‌ವರೆಗೆ ಸಾಮಾನ್ಯವಾಗಿ ಎರಡು ಉದ್ದನೆಯ ಕೇಬಲ್ ಹೋಗುತ್ತವೆ. ಒಂದು ಎಡ-ಬಲಕ್ಕೆ, ಇನ್ನೊಂದು ಹಿಂದೆ-ಮುಂದೆ. ಕೇಬಲ್ ತುದಿಯ ಸಣ್ಣ ಪ್ಲಾಸ್ಟಿಕ್ ಬುಷ್ ಬಿಸಿಗೆ ಒಣಗಿ ಪುಡಿಯಾಗುತ್ತದೆ, ಕೇಬಲ್ ತನ್ನ ಜಾಗದಿಂದ ಕಳಚಿ ಬೀಳುತ್ತದೆ. ಕೈಗೆ ಎಟುಕುವಂತಿದ್ದರೆ, ಇಂಜಿನ್ ತಣ್ಣಗಾದ ಮೇಲೆ, ಮತ್ತೆ ಕೂರಿಸಿ ಕೇಬಲ್ ಟೈ ಬಿಗಿಯಿರಿ. ಗ್ಯಾರೇಜ್ ತಲುಪುವಷ್ಟು ದಾರಿಗೆ ಅದು ಸಾಕಾಗಬಹುದು.

7. ಪ್ಯಾಡಲ್ ಶಿಫ್ಟ್ ಕಾರೇ? ಒಮ್ಮೆ ರೀಸೆಟ್ ಮಾಡಿ, ಒಮ್ಮೆ ಮಾತ್ರ

ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್‌ನಲ್ಲಿ ಒಂದು ಕ್ಲಚ್ 1, 3, 5ರಂಥ ಬೆಸ ಗೇರ್‌ಗಳನ್ನು ನೋಡಿಕೊಳ್ಳುತ್ತದೆ, ಇನ್ನೊಂದು 2, 4, 6ರಂಥ ಸಮ ಗೇರ್‌ಗಳನ್ನು. ಒಂದು ಕಡೆ ದೋಷ ಬಂದರೆ ಅನೇಕ ಕಾರುಗಳು ಇನ್ನೊಂದು ಕಡೆಯ ಗೇರ್‌ಗಳಲ್ಲಷ್ಟೇ ಓಡುತ್ತವೆ. ಅದೇ ಲಿಂಪ್ ಮೋಡ್. ಕಾರು ಸತ್ತಿಲ್ಲ, ತನ್ನನ್ನು ಕಾಪಾಡಿಕೊಳ್ಳುತ್ತಿದೆ. ಪಕ್ಕಕ್ಕೆ ನಿಲ್ಲಿಸಿ, ಇಗ್ನಿಷನ್ ಆಫ್ ಮಾಡಿ, ಕೆಲವು ನಿಮಿಷ ತಣ್ಣಗಾಗಲು ಬಿಡಿ, ಮತ್ತೆ ಸ್ಟಾರ್ಟ್ ಮಾಡಿ. ಬ್ಯಾಟರಿ ವೋಲ್ಟೇಜ್ ಕುಸಿದರೂ ಇಂಥ ಎಚ್ಚರಿಕೆ ಬರುವುದುಂಟು.

2007ರ ಬ್ರೆಜಿಲ್ ಗ್ರ್ಯಾನ್ ಪ್ರಿಯಲ್ಲಿ ಲೂಯಿಸ್ ಹ್ಯಾಮಿಲ್ಟನ್ ಕಾರು ಗೇರ್ ಸಿಗದೆ ಸುಮಾರು ಅರ್ಧ ನಿಮಿಷ ತೆವಳಿತು. ಗೇರ್ ಮರಳುವಷ್ಟರಲ್ಲಿ 18ನೇ ಸ್ಥಾನಕ್ಕೆ ಇಳಿದಿದ್ದರು. ಅಲ್ಲಿಂದ 7ನೇ ಸ್ಥಾನಕ್ಕೆ ಏರಿದರು. ಆದರೂ ಚಾಂಪಿಯನ್‌ಶಿಪ್ ಒಂದೇ ಒಂದು ಪಾಯಿಂಟ್‌ನಲ್ಲಿ ಕಿಮಿ ರೈಕೊನೆನ್ ಪಾಲಾಯಿತು, 110ಕ್ಕೆ 109. ಮರುವರ್ಷ ಅದೇ ಟ್ರ್ಯಾಕ್‌ನಲ್ಲಿ, ಅದೇ ಒಂದು ಪಾಯಿಂಟ್ ಅಂತರದಲ್ಲಿ ಹ್ಯಾಮಿಲ್ಟನ್ ಚಾಂಪಿಯನ್ ಆದರು. ಒಂದು ಕೆಟ್ಟ ದಿನ ನಿಮ್ಮ ಹಣೆಬರಹವಲ್ಲ.

ರೀಸೆಟ್ ಆದ ಮೇಲೂ ಎಚ್ಚರಿಕೆ ಮತ್ತೆ ಬಂದರೆ ಅಲ್ಲಿಗೆ ನಿಲ್ಲಿಸಿ. ಪದೇ ಪದೇ ಆಫ್-ಆನ್ ಮಾಡುವುದು ರಿಪೇರಿಯಲ್ಲ.

8. ಸಹಾಯ ಕೇಳಿ, ಸ್ಪಷ್ಟವಾಗಿ ಕೇಳಿ

ರಾಷ್ಟ್ರೀಯ ಹೆದ್ದಾರಿಯಲ್ಲಿದ್ದರೆ 1033ಕ್ಕೆ, ಜೀವಕ್ಕೆ ಅಪಾಯವಿದ್ದರೆ 112ಕ್ಕೆ ಫೋನ್ ಮಾಡಿ. ತಡೆಬೇಲಿ ಇದ್ದರೆ ಅದರ ಆಚೆ ನಿಂತು ಮಾತಾಡಿ, ಕಾರಿನಲ್ಲಿ ಕೂರಬೇಡಿ.

ಮೆಕ್ಯಾನಿಕ್‌ಗೆ ‘ಗೇರ್ ಹೋಯ್ತು ಅಣ್ಣ’ ಎಂದಷ್ಟೇ ಹೇಳಿದರೆ ಅವರೇನು ಮಾಡಿಯಾರು? ‘ಅಣ್ಣ, ಇಂಜಿನ್ ಆಫ್ ಇದ್ರೆ ಎಲ್ಲ ಗೇರ್ ಬೀಳ್ತಿದೆ, ಸ್ಟಾರ್ಟ್ ಮಾಡಿದ್ರೆ ಬೀಳ್ತಿಲ್ಲ, ಪೆಡಲ್ ಮೆತ್ತಗಿದೆ’ ಎನ್ನಿ. ಯಾವ ಬಿಡಿಭಾಗ ತರಬೇಕೆಂದು ಅವರಿಗೆ ಅಲ್ಲೇ ಅಂದಾಜಾಗುತ್ತದೆ. ಒಬಿಡಿ ಸ್ಕ್ಯಾನರ್ ಇದ್ದರೆ ಕೋಡ್ ಓದಿ ಹೇಳಿ. ಪಿ0700 ಬಂದರೆ ಟ್ರಾನ್ಸ್‌ಮಿಷನ್ ಕಂಟ್ರೋಲ್‌ನಲ್ಲಿ ದೋಷವಿದೆ ಎಂದರ್ಥ. ಅದು ಬಾಗಿಲು ಮಾತ್ರ, ಜೊತೆಗಿರುವ ಇತರ ಕೋಡ್‌ಗಳನ್ನೂ ಬರೆದುಕೊಳ್ಳಿ. ಬಾಸ್ ಮುಂದೆ ಸಮಸ್ಯೆ ಇಡುವಾಗಲೂ ಇದೇ ನಿಯಮ: ಲಕ್ಷಣ ಹೇಳಿ, ಗೊಣಗಬೇಡಿ.

9. ಹಗ್ಗ ಕಟ್ಟಿ ಎಳೆಸಬೇಡಿ

ಫ್ಲಾಟ್‌ಬೆಡ್ ಲಾರಿಯನ್ನೇ ಕೇಳಿ. ಅನೇಕ ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ಗಳಲ್ಲಿ ಎಣ್ಣೆ ಹರಿಸುವ ಪಂಪ್ ಓಡುವುದು ಇಂಜಿನ್‌ನಿಂದ. ಇಂಜಿನ್ ನಿಂತು ಚಕ್ರ ಮಾತ್ರ ತಿರುಗಿದರೆ ಒಳಗೆ ಎಣ್ಣೆ ಹೋಗದೆ ಬಿಸಿಯೇರುತ್ತದೆ. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಕಾರಾದರೆ ನಾಲ್ಕೂ ಚಕ್ರ ನೆಲ ಬಿಟ್ಟಿರಬೇಕು. ಸ್ಪೋರ್ಟ್ಸ್ ಕಾರು ನೆಲಕ್ಕೆ ತೀರಾ ಹತ್ತಿರ, ರ‍್ಯಾಂಪ್ ಕೆಳಗೆ ಹಲಗೆ ಹಾಕಿಸದಿದ್ದರೆ ಬಂಪರ್ ಉಜ್ಜುತ್ತದೆ. ಕಾರನ್ನು ಲಾರಿಗೆ ಏರಿಸಲು ಬೇಕಾಗುವ ಎಳೆಯುವ ಕೊಕ್ಕೆ ಹೆಚ್ಚಾಗಿ ಟೂಲ್‌ಕಿಟ್‌ನಲ್ಲಿ ಇರುತ್ತದೆ. ಬಂಪರ್ ಮೇಲಿನ ಪುಟ್ಟ ಮುಚ್ಚಳ ತೆಗೆದರೆ ಅದನ್ನು ತಿರುಗಿಸಿ ಕೂರಿಸುವ ಜಾಗ ಸಿಗುತ್ತದೆ. ಇದನ್ನು ಮನೆಯಲ್ಲೇ ಒಮ್ಮೆ ಮಾಡಿ ನೋಡಿ.

10. ಗೆಲುವು ಗ್ಯಾರೇಜಿನಲ್ಲೇ ಶುರುವಾಗಲಿ

ಗೇರ್ ಹಠಾತ್ತನೆ ಕೆಟ್ಟಿತು ಎನ್ನುತ್ತೇವೆ. ಎಷ್ಟೋ ಸಲ ಅದು ವಾರಗಳ ಮುಂಚೆಯೇ ಹೇಳಿರುತ್ತದೆ. ಬೆಳಗಿನ ಹೊತ್ತು ಎರಡನೇ ಗೇರ್ ಬಿಗಿ, ರಿವರ್ಸ್‌ಗೆ ಕರಕರ, ಪೆಡಲ್ ಕಚ್ಚುವ ಜಾಗ ದಿನೇ ದಿನೇ ಬದಲು, ಪಾರ್ಕಿಂಗ್ ನೆಲದಲ್ಲಿ ಎಣ್ಣೆ ಹನಿ. ಒಂದು ನೋಟ್‌ಬುಕ್ ಇಡಿ, ದಿನಾಂಕ ಹಾಕಿ ಬರೆಯಿರಿ. ಗೇರ್ ಆಯಿಲ್ ಮತ್ತು ಕ್ಲಚ್ ಫ್ಲೂಯಿಡನ್ನು ಮ್ಯಾನ್ಯುಯಲ್ ಹೇಳಿದ ಸಮಯಕ್ಕೆ ಬದಲಿಸಿ. ಲಿವರ್ ಮೇಲೆ ಸದಾ ಕೈ ಇಟ್ಟು ಓಡಿಸುವ ಚಾಳಿ ಬಿಡಿ, ಶಿಫ್ಟ್ ಫೋರ್ಕ್ ಸವೆಯಲು ಅದೂ ಕಾರಣವಾಗಬಹುದು. ಡಿಕ್ಕಿಯಲ್ಲಿ ರಿಫ್ಲೆಕ್ಟರ್ ತ್ರಿಕೋನ, ಟಾರ್ಚ್, ಕೈಗವಸು, ಕೇಬಲ್ ಟೈ, ಸರಿಯಾದ ಫ್ಲೂಯಿಡ್‌ನ ಒಂದು ಬಾಟಲಿ ಇರಲಿ.

ಇಂದು ಸಂಜೆಯೇ ಶುರು ಮಾಡಿ. ಕಾರಿನ ಮ್ಯಾನ್ಯುಯಲ್ ತೆರೆದು ಗೇರ್‌ಬಾಕ್ಸ್ ಮತ್ತು ಟೋಯಿಂಗ್ ಕುರಿತ ಪುಟಗಳನ್ನು ಓದಿ. ಬಾನೆಟ್ ಎತ್ತಿ ಕ್ಲಚ್ ಫ್ಲೂಯಿಡ್ ಎಲ್ಲಿದೆ ಎಂದು ಹುಡುಕಿ. 1033 ಫೋನಿನಲ್ಲಿ ಸೇವ್ ಮಾಡಿ. ಅರ್ಧ ಗಂಟೆಯ ಕೆಲಸವಿದು. ಮಾಡಿದವರು ಹೆದ್ದಾರಿ ಬದಿಯಲ್ಲಿ ತಲೆ ಮೇಲೆ ಕೈ ಹೊತ್ತು ನಿಲ್ಲುವುದಿಲ್ಲ.