ಸಾವಿರ ಗಂಟೆಯ ದೀಪ

ಮಾರುವವರ ನಡುವಣ ಪೈಪೋಟಿಯೇ ಕೊಳ್ಳುವವನ ಬಲ. ಒಂದು ಅಂಗಡಿಯಲ್ಲಿ ಬೆಲೆ ಹೆಚ್ಚಾದರೆ ಅವನು ಇನ್ನೊಂದಕ್ಕೆ ಹೋಗಬಲ್ಲನು. ಆದರೆ ಅಂಗಡಿಯವರೆಲ್ಲರೂ ಮೊದಲೇ ಮಾತನಾಡಿಕೊಂಡಿದ್ದರೆ ಅವನು ಎಲ್ಲಿಗೆ ಹೋದಾನು? ಹೊರಗೆ ಪ್ರತಿಸ್ಪರ್ಧಿಗಳಂತೆ ತೋರುತ್ತ, ಒಳಗೆ ಬೆಲೆಯನ್ನು ಗೊತ್ತುಮಾಡಿ ಮಾರುಕಟ್ಟೆಯನ್ನು ಹಂಚಿಕೊಳ್ಳುವ ಇಂತಹ ವ್ಯಾಪಾರಕೂಟಕ್ಕೆ ಕಾರ್ಟೆಲ್ ಎಂದು ಹೆಸರು.

ಇಂತಹ ಕೂಟಗಳಲ್ಲಿ ಪ್ರಸಿದ್ಧವಾದುದು ವಿದ್ಯುದ್ದೀಪ ತಯಾರಕರದು. 1924ರ ಡಿಸೆಂಬರ್‌ನಲ್ಲಿ ಜರ್ಮನಿಯ ಓಸ್ರಾಂ, ಹಾಲೆಂಡಿನ ಫಿಲಿಪ್ಸ್ ಮೊದಲಾದ ಸಂಸ್ಥೆಗಳ ಪ್ರತಿನಿಧಿಗಳು ಸ್ವಿಟ್ಜರ್ಲೆಂಡಿನ ಜಿನೀವಾ ನಗರದಲ್ಲಿ ಸೇರಿದರು. ಕೂಟಕ್ಕೆ ಗ್ರೀಕರ ಬೆಳಕಿನ ದೇವನಾದ ಫೀಬಸ್‌ನ ಹೆಸರನ್ನಿಟ್ಟರು. ಕೆಲಸವನ್ನು ಮಾತ್ರ ಕತ್ತಲಲ್ಲಿ ನಡೆಸಿದರು. ಯಾವ ದೇಶದ ಮಾರುಕಟ್ಟೆ ಯಾರದು, ಯಾರು ಎಷ್ಟು ಮಾರಬೇಕು ಎಂಬುದು ನಿಗದಿಯಾಯಿತು. ಅದರೊಡನೆ ಬಲ್ಬಿನ ಆಯುಷ್ಯವೂ ನಿಗದಿಯಾಯಿತು: ಸಾವಿರ ಗಂಟೆ! ಅದಕ್ಕೆ ಮುಂಚೆ 1500 ಗಂಟೆಗಳಿಗೂ ಹೆಚ್ಚು ಕಾಲ ಉರಿಯುವ ಬಲ್ಬುಗಳು ದೊರೆಯುತ್ತಿದ್ದವು.

ಈ ಮಿತಿಗೆ ಒಂದು ಸಮರ್ಥನೆಯೂ ಉಂಟು. ಹೆಚ್ಚು ಕಾಲ ಬಾಳುವ ತಂತಿಯು ಅಷ್ಟೇ ವಿದ್ಯುತ್ತಿಗೆ ಕಡಿಮೆ ಬೆಳಕನ್ನು ನೀಡುತ್ತದೆ. ಆದರೆ ಬೆಳಕು ಬೇಕೊ, ಬಾಳಿಕೆ ಬೇಕೊ ಎಂಬುದನ್ನು ಕೊಳ್ಳುವವನು ನಿರ್ಧರಿಸಬೇಕು. ಆ ಆಯ್ಕೆಯನ್ನೇ ಕಸಿದುಕೊಂಡುದು ಅನ್ಯಾಯ.

ಒಪ್ಪಂದ ಮಾಡಿಕೊಂಡವರಿಗೆ ಪರಸ್ಪರ ನಂಬಿಕೆ ಇತ್ತೆ? ಇರಲಿಲ್ಲ. ಉಳಿದವರು ಮಾತಿಗೆ ಕಟ್ಟುಬಿದ್ದಾಗ ಒಬ್ಬನು ಗುಟ್ಟಾಗಿ ಉತ್ತಮವಾದ ಬಲ್ಬನ್ನು ಮಾರಿದರೆ ಲಾಭವೆಲ್ಲ ಅವನದೇ. ಆದುದರಿಂದ ಪ್ರತಿಯೊಬ್ಬ ಸದಸ್ಯನೂ ತನ್ನ ಬಲ್ಬುಗಳ ಮಾದರಿಯನ್ನು ಸ್ವಿಟ್ಜರ್ಲೆಂಡಿನ ಪ್ರಯೋಗಾಲಯಕ್ಕೆ ಪರೀಕ್ಷೆಗಾಗಿ ಕಳುಹಿಸಬೇಕಾಗಿತ್ತು. ಬಲ್ಬು ಮಿತಿಮೀರಿ ಬಾಳಿದರೆ ಸದಸ್ಯನಿಗೆ ದಂಡ! ಗಟ್ಟಿಯಾದ ಸರಕು ಮಾಡಿದ್ದೇ ಅಲ್ಲಿ ಅಪರಾಧವಾಯಿತು.

ಕೂಟದ ಹೊರಗಿನವರೂ ಸುಮ್ಮನಿರಲಿಲ್ಲ. ಸ್ವೀಡನ್ನಿನ ಗ್ರಾಹಕರ ಸಹಕಾರ ಒಕ್ಕೂಟವು 1930ರ ದಶಕದ ಆರಂಭದಲ್ಲಿ ಲೂಮಾ ಎಂಬ ಸ್ವಂತ ಕಾರ್ಖಾನೆಯನ್ನು ತೆರೆದು ಅಗ್ಗವಾಗಿ ಬಲ್ಬುಗಳನ್ನು ಮಾರಿತು. 1955ರವರೆಗೆ ನಡೆಯಬೇಕೆಂದಿದ್ದ ಒಪ್ಪಂದವು 1939ರಲ್ಲಿ ಆರಂಭವಾದ ಮಹಾಯುದ್ಧದಿಂದ ಮುರಿದುಬಿದ್ದಿತು.

ಎಲ್ಲ ಕೂಟಗಳನ್ನೂ ಕಾಲವೇ ಮುರಿಯಲೆಂದು ಕಾಯಲಾಗದು, ಕಾನೂನು ಬೇಕು. ಅಮೆರಿಕ 1890ರಲ್ಲಿಯೇ ಷರ್ಮನ್ ಕಾಯಿದೆಯನ್ನು ಮಾಡಿತು. ಭಾರತದಲ್ಲಿ 2002ರ ಸ್ಪರ್ಧಾ ಕಾಯಿದೆಯಂತೆ ಭಾರತೀಯ ಸ್ಪರ್ಧಾ ಆಯೋಗವು ಈ ಕಾರ್ಯವನ್ನು ನಿರ್ವಹಿಸುತ್ತದೆ. ಆದರೆ ಮುಚ್ಚಿದ ಬಾಗಿಲಿನ ಮಾತಿಗೆ ಸಾಕ್ಷಿ ಎಲ್ಲಿ ದೊರೆತೀತು? ಇಲ್ಲಿ ಕಾನೂನು ಕೂಟದೊಳಗಿನ ಅಪನಂಬಿಕೆಯನ್ನೇ ಉಪಯೋಗಿಸಿಕೊಳ್ಳುತ್ತದೆ. ಮೊದಲು ಬಂದು ನಿಜವನ್ನು ತಿಳಿಸಿ ಪುರಾವೆ ಒದಗಿಸಿದವನಿಗೆ ದಂಡದಲ್ಲಿ ರಿಯಾಯಿತಿ ಉಂಟು. ಪೂರ್ಣ ಮಾಫಿಯೂ ದೊರೆಯಬಹುದು. ಟಾರ್ಚು, ರೇಡಿಯೋಗಳಿಗೆ ಹಾಕುವ ಬ್ಯಾಟರಿಗಳ ಬೆಲೆಯನ್ನು ಮೂರು ತಯಾರಕ ಸಂಸ್ಥೆಗಳು ಕೂಡಿ ಏರಿಸಿದ್ದವೆಂದು ಆಯೋಗವು 2018ರಲ್ಲಿ ಆದೇಶ ನೀಡಿದಾಗ, ಮೊದಲು ಬಾಯಿಬಿಟ್ಟ ಸಂಸ್ಥೆಯ ದಂಡವನ್ನು ಪೂರ್ತಿಯಾಗಿ ಮನ್ನಿಸಿತು. ಉಳಿದೆರಡಕ್ಕೆ ದಂಡ ವಿಧಿಸಿತು.

ಕೂಡಿ ಬಾಳುವುದು ಗುಣವೇ ಸರಿ. ಸ್ವೀಡನ್ನಿನ ಗ್ರಾಹಕರೂ ಕೂಡಿದರು, ಜಿನೀವಾದ ತಯಾರಕರೂ ಕೂಡಿದರು. ಮೊದಲಿನವರ ಕೂಟ ಎಲ್ಲರೆದುರಿಗೆ, ಎಲ್ಲರ ಹಿತಕ್ಕಾಗಿ ನಡೆಯಿತು. ಎರಡನೆಯವರದು ಮರೆಯಲ್ಲಿ, ಪರರ ಜೇಬಿಗೆ ಕೈ ಹಾಕಲೆಂದು ನಡೆಯಿತು. ಈ ಭೇದವನ್ನು ಅರಿತ ಗ್ರಾಹಕನು ಸುಲಭವಾಗಿ ಮೋಸಹೋಗನು.