ಘಟ್ಟವನ್ನೇರುವ ಡೀಸೆಲ್ ಎಂಜಿನ್ನೂ ಗಾಜಿನ ಚಾವಣಿಯ ಡಬ್ಬಿಯೂ

ಮಳೆ ಬಿದ್ದ ಮರುದಿನ ನವಲಗುಂದದ ಎರೆಹೊಲದಲ್ಲಿ ಟ್ರ್ಯಾಕ್ಟರು ಸಿಕ್ಕಿಕೊಂಡುದನ್ನು ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಕಂಡಿರಬಹುದು. ಎಂಜಿನ್ನು ಆರ್ಭಟಿಸುತ್ತದೆ, ಗಾಲಿ ರಭಸದಿಂದ ತಿರುಗುತ್ತದೆ. ಗಾಡಿ ಮಾತ್ರ ಕದಲುವುದಿಲ್ಲ. ಇಲ್ಲಿ ಕೊರತೆಯಿರುವುದು ಶಕ್ತಿಗಲ್ಲ, ಹಿಡಿತಕ್ಕೆ. ಕುಂದಗೋಳ, ಅಣ್ಣಿಗೇರಿಗಳ ನಿಲ್ದಾಣಗಳಲ್ಲಿ ನಾವು ಕಾಣುವಂಥ ರೈಲು ಘಟ್ಟವನ್ನೇರಬೇಕಾದಾಗ ಅದಕ್ಕೂ ಇದೇ ಸಮಸ್ಯೆ ಎದುರಾಗುತ್ತದೆ.

ಹುಬ್ಬಳ್ಳಿಯ ಶೆಡ್ಡಿನಲ್ಲಿ ನೆಲೆಗೊಂಡು ಹೆಸರಾದ ಡಬ್ಲ್ಯು.ಡಿ.ಜಿ.-4 ಎಂಬ ಎಂಜಿನ್ನನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅಮೆರಿಕದ ಜನರಲ್ ಮೋಟರ್ಸ್ ಸಂಸ್ಥೆಯವರು ರೂಪಿಸಿದ ಇದು 1999ರಲ್ಲಿ ಭಾರತಕ್ಕೆ ಬಂದಿತು. ಅನಂತರ ವಾರಾಣಸಿಯಲ್ಲಿಯೇ ತಯಾರಾಗತೊಡಗಿತು. ಮೊದಲಿನ ಮಾದರಿಯ ಸಾಮರ್ಥ್ಯ 4,000 ಅಶ್ವಶಕ್ತಿ; ತೂಕ ಸುಮಾರು 126 ಟನ್ನು. ಇದರ ಗಾಲಿಗಳನ್ನು ಡೀಸೆಲ್ ಯಂತ್ರವು ನೇರವಾಗಿ ತಿರುಗಿಸುವುದಿಲ್ಲ. ಏಕೆಂದರೆ ಡೀಸೆಲ್ ಯಂತ್ರವು ತಾನು ತಿರುಗುತ್ತಿರುವಾಗ ಮಾತ್ರ ಬಲವನ್ನು ಕೊಡಬಲ್ಲುದು. ನಿಂತ ರೈಲನ್ನು ಎಳೆಯುವುದಕ್ಕೋ ಮೊದಲ ಕ್ಷಣದಲ್ಲಿಯೇ ಅತ್ಯಧಿಕ ಬಲ ಬೇಕು. ಆದುದರಿಂದ ಡೀಸೆಲ್ ಯಂತ್ರವು ವಿದ್ಯುಜ್ಜನಕವನ್ನು ತಿರುಗಿಸುತ್ತದೆ. ಆ ವಿದ್ಯುತ್ತು ಆರು ಅಚ್ಚುಗಳ ಮೋಟಾರುಗಳಿಗೆ ಹರಿಯುತ್ತದೆ. ವಿದ್ಯುತ್ ಮೋಟಾರು ನಿಂತ ಸ್ಥಿತಿಯಿಂದಲೇ ಪೂರ್ಣ ಬಲದಿಂದ ಎಳೆಯಬಲ್ಲುದು.

ಈಗ ಒಂದು ಲೆಕ್ಕ. ಕುಳೆಂನಿಂದ ಕ್ಯಾಸಲ್‌ರಾಕಿಗೆ ಹತ್ತುವ ಘಟ್ಟದಲ್ಲಿ 37 ಮೀಟರು ಸಾಗಿದರೆ 1 ಮೀಟರು ಏರಿದಂತಾಗುತ್ತದೆ. ಎಂಜಿನ್ನೂ ಸೇರಿ ರೈಲಿನ ತೂಕ 1,000 ಟನ್ನೆಂದಿಟ್ಟುಕೊಂಡರೆ, ಅದನ್ನು ಹಿಂದಕ್ಕೆಳೆಯುವ ಬಲ 1,000ದ 37ನೆಯ ಒಂದು ಭಾಗ, ಎಂದರೆ ಸುಮಾರು 27 ಟನ್ನು. ಗಂಟೆಗೆ 30 ಕಿಲೋಮೀಟರು ವೇಗದಲ್ಲಿ ಇದನ್ನೆದುರಿಸಲು ಸುಮಾರು 3,000 ಅಶ್ವಶಕ್ತಿ ಸಾಕು. ಹಾಗಾದರೆ ಒಂದೇ ಎಂಜಿನ್ನು ಸಾಲದೇ? ಒಣ ಹಳಿಯ ಮೇಲೆ ಗಾಲಿಯ ಹಿಡಿತವು ಎಂಜಿನ್ನಿನ ತೂಕದ ಸುಮಾರು 0.3 ಪಾಲು, ಎಂದರೆ 38 ಟನ್ನು. ಹಳಿ ಒದ್ದೆಯಾಗಿ ಅದು 0.15ಕ್ಕೆ ಇಳಿದರೆ ಉಳಿಯುವುದು 19 ಟನ್ನು ಮಾತ್ರ. ಬೇಕಾದದ್ದು 27! ಗಾಲಿ ಜಾರುತ್ತದೆ. ಆದುದರಿಂದಲೇ ಹಳಿಯ ಮೇಲೆ ಮರಳನ್ನು ಉದುರಿಸುತ್ತಾರೆ. ಹಿಂದಿನಿಂದ ತಳ್ಳುವುದಕ್ಕೆ ಬೇರೆ ಎಂಜಿನ್ನುಗಳನ್ನು ಜೋಡಿಸುತ್ತಾರೆ.

ಇಂತಹ ಘಟ್ಟಗಳ ಸೊಬಗನ್ನು ಪ್ರಯಾಣಿಕರಿಗೆ ತೋರಿಸಬೇಕೆಂಬ ವಿಚಾರವೂ ಡೀಸೆಲ್ ಎಂಜಿನ್ನಿನಿಂದಲೇ ಹುಟ್ಟಿತೆಂಬುದು ಸ್ವಾರಸ್ಯಕರವಾಗಿದೆ. ಉಗಿ ಎಂಜಿನ್ನಿನಲ್ಲಿ ಚಾಲಕನ ಮುಂದೆ ಉದ್ದನೆಯ ಬಾಯ್ಲರು ಅಡ್ಡವಾಗಿರುತ್ತಿತ್ತು, ಹೊಗೆ ಬೇರೆ. ಹೊಸ ಡೀಸೆಲ್ ಎಂಜಿನ್ನಿನಲ್ಲಿ ಅವನ ಕೊಠಡಿ ಮುಂಭಾಗದಲ್ಲಿಯೇ ಇದ್ದಿತು. 1944ರಲ್ಲಿ ಜನರಲ್ ಮೋಟರ್ಸಿನ ಅಧಿಕಾರಿ ಸೈರಸ್ ಆಸ್ಬರ್ನ್ ಅಮೆರಿಕದ ಕೊಲರಾಡೋ ಕಣಿವೆಯೊಂದರಲ್ಲಿ ಆ ಕೊಠಡಿಯಲ್ಲಿ ಕುಳಿತು ಪ್ರಯಾಣ ಮಾಡುತ್ತಿದ್ದಾಗ, ಈ ನೋಟಕ್ಕೆ ಜನರು ಹಣ ಕೊಟ್ಟಾರೆಂದು ಅವರಿಗೆ ಹೊಳೆಯಿತು. ಮರುವರ್ಷವೇ ಚಾವಣಿಯ ಮೇಲೆ ಗಾಜಿನ ಗುಮ್ಮಟವುಳ್ಳ ಡಬ್ಬಿಯು ಬರ್ಲಿಂಗ್ಟನ್ ರೈಲುಮಾರ್ಗದಲ್ಲಿ ಓಡಿತು. 1955ರ ಏಪ್ರಿಲ್ 24ರಂದು ಕೆನಡಾದಲ್ಲಿ ಆರಂಭವಾದ 'ದಿ ಕನೇಡಿಯನ್' ರೈಲಿನ ಗುಮ್ಮಟಗಳಿಂದ ರಾಕಿ ಪರ್ವತಗಳನ್ನು ನೋಡುವುದು ಲೋಕಪ್ರಸಿದ್ಧವಾಯಿತು.

ನಮ್ಮ ನಾಡಿನಲ್ಲಿ 2021ರ ಜುಲೈಯಲ್ಲಿ ಯಶವಂತಪುರ–ಮಂಗಳೂರು ರೈಲುಗಳಿಗೆ 44 ಆಸನಗಳ ವಿಸ್ಟಾಡೋಮ್ ಡಬ್ಬಿಯನ್ನು ಜೋಡಿಸಿದರು. ಅದರ ಆಸನಗಳು ಕಿಟಕಿಯತ್ತ ತಿರುಗುತ್ತವೆ, ಚಾವಣಿಗೆ ಗಾಜುಂಟು. ಆದರೆ ಮೇಲೆದ್ದ ಗುಮ್ಮಟವಿಲ್ಲ. 25,000 ವೋಲ್ಟಿನ ತಂತಿ ತಲೆಯ ಮೇಲೆ ಹಾಯುವ ಮಾರ್ಗಗಳಲ್ಲಿ ಡಬ್ಬಿಯ ಎತ್ತರಕ್ಕೆ ಮಿತಿಯುಂಟು.

ಘಟ್ಟವು ಹಸುರಾಗಿ ಜಲಪಾತಗಳು ಧುಮುಕುವುದು ಮಳೆಗಾಲದಲ್ಲಿ; ಹಳಿಯ ಹಿಡಿತ ಕುಗ್ಗುವುದೂ ಆಗಲೇ. ಗಾಜಿನ ಕೆಳಗೆ ಕುಳಿತವನ ಆನಂದವು ಗಾಲಿಯೂ ಹಳಿಯೂ ಸೋಕುವ ಅಂಗೈಗಿಂತ ಚಿಕ್ಕ ಜಾಗಗಳನ್ನು ಅವಲಂಬಿಸಿದೆ. ಎಳೆಯುವುದು ಡೀಸೆಲಾಗಲಿ ತಂತಿಯ ವಿದ್ಯುತ್ತಾಗಲಿ, ಈ ನಿಯಮ ತಪ್ಪದು. ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟದ ಏರು 50ಕ್ಕೆ 1. ಒದ್ದೆ ಹಳಿಯ ಮೇಲೆ ಅದೇ 1,000 ಟನ್ನಿನ ರೈಲನ್ನು ಒಂದು ಎಂಜಿನ್ನು ಹತ್ತಿಸೀತೇ? ವಿದ್ಯಾರ್ಥಿಗಳೇ ಲೆಕ್ಕ ಹಾಕಿ ನೋಡಲಿ.